ಹಕ್ಕಿಜ್ವರ ಸೀಲ್‌ಗಳ ನಡುವೆ ಹರಡಿದಾಗ

2023ರ ಅಕ್ಟೋಬರ್‌ನಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯ ದ್ವೀಪದ ದಂಡೆಗಳಲ್ಲಿ ಆನೆ ಸೀಲ್ ಮರಿಗಳ ಹೆಣಗಳು ಸಾಲುಗಟ್ಟಿದವು. ಆ ವರ್ಷ ಹುಟ್ಟಿದ ಮರಿಗಳಲ್ಲಿ ಸುಮಾರು ಶೇ 95ರಷ್ಟು, ಎಂದರೆ 17 ಸಾವಿರಕ್ಕೂ ಹೆಚ್ಚು, ಬದುಕಲಿಲ್ಲ. ಕೊಂದದ್ದು ಎಚ್‌5ಎನ್‌1. ಕೋಳಿ ಫಾರಂಗಳ ಸುದ್ದಿಯಿಂದ ನಮಗೂ ಪರಿಚಿತವಾದ ಹಕ್ಕಿಜ್ವರದ ವೈರಸ್ಸೇ ಅದು.

ಸೀಲ್‌ಗೆ ಹಕ್ಕಿಯ ಫ್ಲೂ ತಗಲುವುದು ಹೊಸದಲ್ಲ. ಕಡಲಹಕ್ಕಿಗೂ ಸೀಲ್‌ಗೂ ಒಂದೇ ದಂಡೆ. ಹಿಕ್ಕೆಯಿಂದಲೋ ಸತ್ತ ಹಕ್ಕಿಯಿಂದಲೋ ಸೋಂಕು ದಾಟಬಹುದು. 1979–80ರಲ್ಲಿ ಅಮೆರಿಕದ ಕೇಪ್ ಕಾಡ್ ಸುತ್ತ ಎಚ್‌7ಎನ್‌7 ವೈರಸ್ 400ಕ್ಕೂ ಹೆಚ್ಚು ಸೀಲ್‌ಗಳನ್ನು ಬಲಿ ಪಡೆಯಿತು. ಶವಪರೀಕ್ಷೆ ಮಾಡಿದ ಕೆಲವರಿಗೆ ಕಣ್ಣುಬೇನೆಯೂ ಬಂತು. 2011ರಲ್ಲಿ ನ್ಯೂ ಇಂಗ್ಲೆಂಡ್, 2014ರಲ್ಲಿ ಉತ್ತರ ಯುರೋಪ್ ಇಂಥದ್ದನ್ನೇ ಕಂಡವು. ಆದರೆ ಯಾವುದೂ ಇಷ್ಟು ಮಾರಕವಾಗಿರಲಿಲ್ಲ.

ಈ ಸಲ ಬದಲಾದದ್ದೇನು? ವೈರಸ್ಸಿಗೆ ಸ್ವಂತ ಬಲದಿಂದ ಪ್ರತಿ ಮಾಡಿಕೊಳ್ಳಲು ಬರುವುದಿಲ್ಲ. ಅದರ ನಕಲು ಮಾಡುವ ಕಿಣ್ವ ತಾನು ಹೊಕ್ಕ ಜೀವಕೋಶದ ಪ್ರೋಟೀನುಗಳೊಂದಿಗೆ ಹೊಂದಿಕೊಂಡೇ ಕೆಲಸ ಮಾಡಬೇಕು. ಹಕ್ಕಿಯ ಕೋಶಕ್ಕೆ ಒಗ್ಗಿದ ಕಿಣ್ವ ಸಸ್ತನಿಯ ಕೋಶದಲ್ಲಿ ಸರಿಯಾಗಿ ಓಡುವುದಿಲ್ಲ. ನಮಗಿರುವ ಒಂದು ರಕ್ಷಣೆ ಇದು. ದಕ್ಷಿಣ ಅಮೆರಿಕದ ವೈರಸ್ಸಿನಲ್ಲಿ ಆ ಕಿಣ್ವದ ಪಿಬಿ2 ಎಂಬ ಭಾಗದಲ್ಲಿ ಎರಡು ಸಣ್ಣ ಬದಲಾವಣೆಗಳಾಗಿ ಈ ತೊಡಕು ಸಡಿಲವಾಯಿತು. ಪೆರು, ಚಿಲಿಯ ಕಡಲ ಸಿಂಹಗಳಲ್ಲಿ ಕಂಡ ಅವೇ ಗುರುತುಗಳು ಖಂಡದ ಇನ್ನೊಂದು ಬದಿಯ ಆನೆ ಸೀಲ್‌ಗಳಲ್ಲೂ ಸಿಕ್ಕವು. ಪ್ರತಿ ತೀರದಲ್ಲೂ ಹಕ್ಕಿಯಿಂದ ಹೊಸದಾಗಿ ತಗಲಿದ್ದರೆ ಅವೇ ಗುರುತುಗಳು ಎಲ್ಲೆಡೆ ಕಾಣುವುದು ಕಷ್ಟ. ಸತ್ತ ಮರಿಗಳಾದರೋ ಇನ್ನೂ ತಾಯಿಯ ಹಾಲು ಕುಡಿಯುತ್ತಿದ್ದವು, ಹಕ್ಕಿ ತಿಂದವಲ್ಲ. ಹಾಗಾಗಿ ಸಸ್ತನಿಯಿಂದ ಸಸ್ತನಿಗೆ ಹರಡಿತೆಂಬ ತೀರ್ಮಾನ ನನಗೆ ಬಲವಾಗಿಯೇ ಕಾಣುತ್ತದೆ. ಅದೇ ವಂಶದ ವೈರಸ್ ಅಲ್ಲಿನ ಟರ್ನ್ ಹಕ್ಕಿಗಳಿಗೂ ಮರಳಿ ಹೋಗಿದೆ.

2023ರಲ್ಲಿ ಚಿಲಿಯ ಒಬ್ಬ ರೋಗಿಯಿಂದ ತೆಗೆದ ವೈರಸ್ಸಿನಲ್ಲೂ ಈ ಎರಡು ಬದಲಾವಣೆಗಳಿದ್ದವು. ಅವರಿಂದ ಬೇರೆಯವರಿಗೆ ಸೋಂಕು ಹರಡಿದ್ದು ಕಂಡುಬಂದಿಲ್ಲ, ಹೆದರಿ ಕೂರುವ ಕಾಲ ಇದಲ್ಲ. ಆದರೆ ಕೋಳಿ ಫಾರಂ ಮೇಲಿಡುವ ಕಣ್ಣನ್ನೇ ಕಡಲ ದಂಡೆಗಳ ಮೇಲೂ ಇಡಬೇಕು: ಸತ್ತ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟದಂತೆ ಜನರಿಗೆ ತಿಳಿಸಬೇಕು, ಮಾದರಿ ತೆಗೆಯುವ ಸಿಬ್ಬಂದಿಗೆ ಹಣ, ಸುರಕ್ಷಾ ಉಡುಪು ಒದಗಿಸಬೇಕು, ವಂಶವಾಹಿ ಮಾಹಿತಿಯನ್ನು ತಡಮಾಡದೆ ಎಲ್ಲ ದೇಶಗಳಿಗೂ ಹಂಚಬೇಕು.