ಅಪರೂಪದ ಪದಕ್ಕೆ ತೂಕ ಜಾಸ್ತಿ

ಹೋದ ತಿಂಗಳು ನಮ್ಮ ಆಫೀಸಿನ ಒಳಗಿನ ಸರ್ಚ್‌ನದ್ದೇ ಒಂದು ಗೋಳು. ಯಾರಾದರೂ 'ಮೆಟರ್ನಿಟಿ ಲೀವ್' ಅಂತ ಟೈಪ್ ಮಾಡಿದರೆ ಮೊದಲ ಪುಟದ ತುಂಬಾ ಸಿಕ್ ಲೀವ್, ಕ್ಯಾಶುಯಲ್ ಲೀವ್, ಲೀವ್ ಎನ್‌ಕ್ಯಾಶ್‌ಮೆಂಟ್. ಬೇಕಾದ ದಾಖಲೆ ಮೂರನೇ ಪುಟದಲ್ಲಿ ಎಲ್ಲೋ ಮೂಲೆಯಲ್ಲಿ. ಯಾವ ಕಾಲದಲ್ಲೋ ಯಾರೋ ಬರೆದಿಟ್ಟ ಸ್ಕ್ರಿಪ್ಟ್ ಒಂದು, ಪದ ಎಷ್ಟು ಸಲ ಬಂದಿದೆ ಅಂತ ಮಾತ್ರ ಎಣಿಸ್ತಾ ಕೂತಿತ್ತು. ಅದನ್ನು ಹುಡುಕಿ ಕಿತ್ತುಹಾಕಿದ್ದು ನಾನಲ್ಲ, ಪಕ್ಕದ ಸೀಟಿನ ಅಕ್ಕ. ಶಿವಮೊಗ್ಗ ಕಡೆಯವರು, ನನಗಿಂತ ಆರೇಳು ವರ್ಷ ದೊಡ್ಡವರು. ಸರ್ಚ್ ವಿಷಯ ಬಂದರೆ ಇಡೀ ಫ್ಲೋರ್‌ಗೆ ಅವರೇ ಗತಿ. ಕೊರಳಲ್ಲಿ ತೂಗೋ ಬ್ಯಾಡ್ಜ್‌ನ ಬಣ್ಣ ಮಾತ್ರ ನಮ್ಮದಕ್ಕಿಂತ ಬೇರೆ. ಕಾಂಟ್ರಾಕ್ಟ್. ಹನ್ನೊಂದು ತಿಂಗಳಿಗೊಮ್ಮೆ ರಿನ್ಯೂವಲ್.

"ಎಣಿಸೋದು ಯಾರಿಗಾದ್ರೂ ಬರುತ್ತೆ ಮಾರಾಯ. ಯಾವುದಕ್ಕೆ ಎಷ್ಟು ತೂಕ ಅಂತ ಹೇಳಬೇಕಲ್ಲ, ಅದು ಕಷ್ಟ. ಕರೆನ್ ಸ್ಪಾರ್ಕ್ ಜೋನ್ಸ್ ಯಾರು ಗೊತ್ತಾ ನಿಂಗೆ?" ಅಂದರು.

ಗೊತ್ತಿರಲಿಲ್ಲ. ನಾಲ್ಕು ವರ್ಷ ಎಂಜಿನಿಯರಿಂಗ್, ಎಂಟು ವರ್ಷ ಕೆಲಸ. ಅವರ ಫಾರ್ಮುಲಾವನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀನಿ, ಹೆಸರು ಮಾತ್ರ ಕೇಳಿರಲಿಲ್ಲ. ಆ ಶನಿವಾರ ಕೂತು ಓದಿದೆ.

ಹುಟ್ಟಿದ್ದು 1935ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಹಡರ್ಸ್‌ಫೀಲ್ಡ್‌ನಲ್ಲಿ. ಅಪ್ಪ ಕೆಮಿಸ್ಟ್ರಿ ಮೇಷ್ಟ್ರು. ಅಮ್ಮ ನಾರ್ವೆಯವರು, 'ಸ್ಪಾರ್ಕ್' ಅನ್ನೋದು ಅಮ್ಮನ ಕಡೆಯ ಹೆಸರು. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಓದಿದ್ದು ಇತಿಹಾಸ, ಕೊನೆಗೆ ಒಂದು ವರ್ಷ ತತ್ವಶಾಸ್ತ್ರ. ಆಮೇಲೆ ಸ್ವಲ್ಪ ದಿನ ಶಾಲೆಯಲ್ಲಿ ಟೀಚರ್. ಈಗಿನ ನಮ್ಮ ಕಂಪನಿಗಳ ರೆಸ್ಯೂಮೆ ಫಿಲ್ಟರ್‌ನಲ್ಲಿ ಮೊದಲ ಸುತ್ತೇ ದಾಟುತ್ತಿರಲಿಲ್ಲ.

1950ರ ದಶಕದ ಕೊನೆಯಲ್ಲಿ ಅವರು ಸೇರಿದ್ದು ಕೇಂಬ್ರಿಜ್ ಲ್ಯಾಂಗ್ವೇಜ್ ರಿಸರ್ಚ್ ಯೂನಿಟ್. ಮಾರ್ಗರೆಟ್ ಮಾಸ್ಟರ್‌ಮನ್ ಅನ್ನೋ ಗಟ್ಟಿಗಿತ್ತಿ ವಿಶ್ವವಿದ್ಯಾಲಯದ ಹೊರಗೆ ನಡೆಸುತ್ತಿದ್ದ ಸಣ್ಣ ಸಂಸ್ಥೆ. ಕಂಪ್ಯೂಟರಿನಿಂದ ಅನುವಾದ ಮಾಡಿಸಬೇಕು ಅನ್ನೋದು ಅಲ್ಲಿನ ಕನಸು. ಒಂದೇ ಪದಕ್ಕೆ ಹತ್ತು ಅರ್ಥ ಇದ್ದರೆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಈಗ ನಾನು ಬರೆದ 'ಹತ್ತು' ಸಂಖ್ಯೆಯೋ, ಮೆಟ್ಟಿಲು ಹತ್ತೋದೋ? ಇಂಥ ಪದಗಳನ್ನು ಅರ್ಥದ ಗುಂಪುಗಳಾಗಿ ವಿಂಗಡಿಸೋದರ ಮೇಲೆ ಕರೆನ್ 1964ರಲ್ಲಿ ಪಿಎಚ್‌ಡಿ ಮುಗಿಸಿದರು. ಆ ಪ್ರಬಂಧ ಪುಸ್ತಕವಾಗಿ ಅಚ್ಚಾಗಿದ್ದು 1986ರಲ್ಲಿ. ಇಪ್ಪತ್ತೆರಡು ವರ್ಷ ಆದಮೇಲೆ!

1966ರಲ್ಲಿ ಅಮೆರಿಕದ ಒಂದು ಸಮಿತಿ ಯಂತ್ರಾನುವಾದಕ್ಕೆ ಸುರಿದ ದುಡ್ಡಿಗೆ ತಕ್ಕ ಫಲ ಕಾಣ್ತಿಲ್ಲ ಅಂತ ವರದಿ ಕೊಟ್ಟಿತು. ಆ ಕ್ಷೇತ್ರಕ್ಕೆ ಬರುತ್ತಿದ್ದ ಹಣ ಬತ್ತಿತು. ಕರೆನ್ ಅಷ್ಟರಲ್ಲಿ ಇನ್ನೊಂದು ಪ್ರಶ್ನೆಯ ಕಡೆ ಹೊರಳಿದ್ದರು: ರಾಶಿ ದಾಖಲೆಗಳ ನಡುವೆ ಬೇಕಾದ್ದನ್ನು ಹುಡುಕೋದು ಹೇಗೆ?

ಉತ್ತರ 1972ರ ಒಂದು ಪ್ರಬಂಧದಲ್ಲಿದೆ. ನಾವು ಇವತ್ತು ಐಡಿಎಫ್ ಅನ್ನೋದು ಅದನ್ನೇ. ನಮ್ಮ ಎಚ್‌ಆರ್ ಪುಟಗಳನ್ನೇ ತಗೊಳ್ಳಿ. 1000 ದಾಖಲೆ ಇವೆ ಅಂದುಕೊಳ್ಳಿ. 'ಲೀವ್' ಅನ್ನೋ ಪದ 500ರಲ್ಲಿದೆ, 'ಮೆಟರ್ನಿಟಿ' 10ರಲ್ಲಿ ಮಾತ್ರ. ಒಟ್ಟು ದಾಖಲೆಗಳನ್ನು ಪದ ಇರುವ ದಾಖಲೆಗಳಿಂದ ಭಾಗಿಸಿ ಲಾಗ್ ತಗೊಳ್ಳಿ. ಬೇಸ್ 2 ಇಟ್ಟರೆ 'ಲೀವ್'ಗೆ ಸಿಗೋದು 1, 'ಮೆಟರ್ನಿಟಿ'ಗೆ ಸುಮಾರು 6.6. ಎಲ್ಲ ಕಡೆ ಸಿಗೋ ಪದ ಹುಡುಕೋಕೆ ಸಹಾಯ ಮಾಡಲ್ಲ, ಅಪರೂಪದ್ದು ಮಾಡುತ್ತೆ.

ಇಷ್ಟೇನಾ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಅಲ್ಲಿಯವರೆಗೆ ಒಂದು ಪದ ಎಷ್ಟು 'ನಿರ್ದಿಷ್ಟ' ಅನ್ನೋದನ್ನು ಅದರ ಅರ್ಥ ನೋಡಿ ಹೇಳುತ್ತಿದ್ದರು. ಅರ್ಥದ ಮೇಲೇ ಪಿಎಚ್‌ಡಿ ಮಾಡಿದ ಈ ಹೆಣ್ಣುಮಗಳು, ಅರ್ಥ ಬದಿಗಿಡಿ, ಈ ಸಂಗ್ರಹದಲ್ಲಿ ಅದು ಎಷ್ಟು ಕಡೆ ಬಳಕೆಯಾಗಿದೆ ನೋಡಿ ಅಂದರು. ಹೆರಿಗೆ ಆಸ್ಪತ್ರೆಯ ಫೈಲುಗಳಲ್ಲಿ 'ಮೆಟರ್ನಿಟಿ'ಗೆ ತೂಕವೇ ಇಲ್ಲ, ಅಲ್ಲಿ 'ಲೀವ್' ಅನ್ನೋದೇ ಅಪರೂಪ. ಪದ ಅದೇ, ಜಾಗ ಬದಲಾದರೆ ತೂಕ ಬದಲು. ಪ್ರಯೋಗಕ್ಕೆ ಅವರ ಕೈಯಲ್ಲಿದ್ದ ಸಂಗ್ರಹಗಳಲ್ಲಿ ಒಂದೊಂದರಲ್ಲೂ ಸಾವಿರ ದಾಖಲೆ ಕೂಡ ಇರಲಿಲ್ಲ. 1976ರಲ್ಲಿ ಸ್ಟೀಫನ್ ರಾಬರ್ಟ್‌ಸನ್ ಜೊತೆ ಸೇರಿ ಇದಕ್ಕೆ ಸಂಭವನೀಯತೆಯ ಗಣಿತದ ಬುನಾದಿ ಹಾಕಿದರು. ಮುಂದೆ ರಾಬರ್ಟ್‌ಸನ್ ಮತ್ತು ಅವರ ಜೊತೆಗಾರರ ಕೈಯಲ್ಲಿ ಅದು ಬಿಎಂ25 ಆಯಿತು. ಎಲಾಸ್ಟಿಕ್‌ಸರ್ಚ್ ಬಳಸಿದವರಿಗೆ ಗೊತ್ತು, ಇವತ್ತು ಡೀಫಾಲ್ಟ್ ಆಗಿ ಓಡೋದು ಅದೇ.

ನಾನು ಓದು ನಿಲ್ಲಿಸಿದ್ದು ಇಲ್ಲಲ್ಲ, ಅವರ ಕೆಲಸದ ಪಟ್ಟಿಯ ಹತ್ತಿರ. 1974ರಿಂದ ಅವರಿದ್ದದ್ದು ಕೇಂಬ್ರಿಜ್‌ನ ಕಂಪ್ಯೂಟರ್ ಲ್ಯಾಬ್‌ನಲ್ಲಿ. ಆದರೆ ದಶಕಗಳ ಕಾಲ ನಡೆದದ್ದು ಸಣ್ಣ ಸಣ್ಣ ಅವಧಿಯ ಒಪ್ಪಂದಗಳ ಮೇಲೆ. ಒಂದು ಗ್ರಾಂಟ್ ಮುಗೀತು, ಇನ್ನೊಂದಕ್ಕೆ ಅರ್ಜಿ. ಗಂಡ ರೋಜರ್ ನೀಡಮ್ 1980ರಿಂದ 1995ರವರೆಗೆ ಅದೇ ಲ್ಯಾಬ್‌ನ ಮುಖ್ಯಸ್ಥರು. ಕರೆನ್ ಪ್ರೊಫೆಸರ್ ಆಗಿದ್ದು 1999ರಲ್ಲಿ, ನಿವೃತ್ತಿ 2002ರಲ್ಲಿ. ಲೆಕ್ಕ ಹಾಕಿ, ಮೂರು ವರ್ಷ.

ಹಾಗಂತ 'ಅಯ್ಯೋ ಪಾಪ' ಅನ್ನಿಸಿಕೊಳ್ಳೋ ಜಾಯಮಾನದವರಲ್ಲ ಬಿಡಿ. 1958ರಲ್ಲಿ ಮದುವೆಯಾದಾಗ ತಮ್ಮ ಹೆಸರು ಬದಲಿಸಲಿಲ್ಲ. ಗಂಡ ಹೆಂಡತಿ ಸೇರಿ ತಮ್ಮ ಮನೆಯನ್ನು ತಾವೇ ಕಟ್ಟಿಕೊಂಡರು, 1872ರಲ್ಲಿ ಮಾಡಿದ ಹಳೇ ಹಾಯಿದೋಣಿ ಇಟ್ಟುಕೊಂಡು ಸಮುದ್ರ ಸುತ್ತಿದರು. ಕಂಪ್ಯೂಟಿಂಗ್ ಅನ್ನೋದು ಗಂಡಸರ ಪಾಲಿಗೆ ಬಿಟ್ಟುಬಿಡಲಾಗದಷ್ಟು ಮುಖ್ಯವಾದ ವಿಷಯ ಅನ್ನೋದು ಅವರ ಘೋಷವಾಕ್ಯ.

ನನಗೆ ಕಾಡಿದ್ದು ಇನ್ನೊಂದು. ಸರ್ಚ್ ಪದ್ಧತಿಗಳನ್ನು ನ್ಯಾಯವಾಗಿ ಹೋಲಿಸಬೇಕಾದರೆ ಎಲ್ಲರೂ ಬಳಸುವಂಥ ದೊಡ್ಡ ಪರೀಕ್ಷಾ ಸಂಗ್ರಹ ಬೇಕು ಅಂತ ಅವರು ಕೀತ್ ವಾನ್ ರೈಸ್‌ಬರ್ಗನ್ ಜೊತೆ 1975ರಲ್ಲೇ ವರದಿ ಬರೆದಿದ್ದರು. ಆಗ ಅದನ್ನು ಯಾರೂ ಕಟ್ಟಲಿಲ್ಲ. 1992ರಲ್ಲಿ ಅಮೆರಿಕದಲ್ಲಿ ಟ್ರೆಕ್ ಅನ್ನೋ ಹೆಸರಲ್ಲಿ ಅಂಥದ್ದೊಂದು ಶುರುವಾದಾಗ ಕರೆನ್ ಅದರಲ್ಲೂ ಕೈಜೋಡಿಸಿದರು. ಕಾಯಂ ಕುರ್ಚಿ, ಹತ್ತು ಜನರ ತಂಡ ಇದ್ದಿದ್ದರೆ ಆ ಹದಿನೇಳು ವರ್ಷ ಉಳೀತಿತ್ತಾ? ಹೇಳೋಕಾಗಲ್ಲ. ಆದರೆ 'ಪ್ರತಿಭೆ ಇದ್ದವರು ಹೇಗೂ ಮೇಲೆ ಬರ್ತಾರೆ' ಅಂತ ಮ್ಯಾನೇಜರುಗಳು ಹೇಳಿದಾಗ ಇನ್ನು ನಾನು ತಲೆ ಆಡಿಸಲ್ಲ.

2007ರ ಏಪ್ರಿಲ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಲವ್‌ಲೇಸ್ ಪದಕ ಬಂದಿದ್ದೂ ಅದೇ ವರ್ಷ.

ಸೋಮವಾರ ಸರ್ಚ್ ಕೋಡ್‌ನಲ್ಲಿ ಬಿಎಂ25 ಸೆಟ್ಟಿಂಗ್ ಇರುವ ಸಾಲಿನ ಮೇಲೆ ಕಾಮೆಂಟ್ ಹಾಕಿದೆ: ಕರೆನ್ ಸ್ಪಾರ್ಕ್ ಜೋನ್ಸ್, 1972. ಕೆಳಗಿನ ಸಾಲಿನಲ್ಲಿ ಅಕ್ಕನ ಹೆಸರು, ಈ ವರ್ಷ. ತಿಂಗಳ ಡೆಮೋದಲ್ಲಿ 'ನಮ್ಮ ಟೀಮ್ ಸರಿ ಮಾಡಿತು' ಅಂತ ಸ್ಲೈಡ್ ಹಾಕಿದ್ದರು, ಅದರಲ್ಲಿ ಅವರ ಹೆಸರಿರಲಿಲ್ಲ. ಆ ಸ್ಲೈಡ್ ಮಾಡಿದ್ದು ನಾನೇ.

ಕಾಮೆಂಟ್ ನೋಡಿ ಅಕ್ಕ ನಕ್ಕರು. "ಕೋಡ್‌ನಲ್ಲಿ ಹೆಸರು ಬರೆದ್ರೆ ರಿನ್ಯೂವಲ್ ಆಗುತ್ತೇನೋ?" ಅಂದರು. ಮೇಲ್ ಇನ್ನೂ ಬಂದಿಲ್ಲ. ಕಾಂಟ್ರಾಕ್ಟ್ ಮುಗಿಯೋಕೆ ಹತ್ತೊಂಬತ್ತು ದಿನ ಇದೆ.