ಶಿಲುಬೆ ಇರೋದು ಕುತ್ತಿಗೆಗೆ ಮಾತ್ರನಾ?

1/6

"ಪಾದ್ರಿಗೆ ರಾಜಕೀಯ ಯಾಕೆ? ಪ್ರಾರ್ಥನೆ ಮಾಡ್ಕೊಂಡು ಇರಬಹುದಿತ್ತಲ್ವಾ?"
ಫಾದರ್ ಸ್ಟ್ಯಾನ್ ಸ್ವಾಮಿ ಫೋಟೋನ ಸ್ಟೋರಿಗೆ ಹಾಕಿದಾಗ ಬಂದ ಮೊದಲ ಮೆಸೇಜ್ ಇದು. ಕಳಿಸಿದವನು ನನ್ನ ಜೊತೆ ಕ್ವಾಯರ್‌ನಲ್ಲಿ ಹಾಡೋ ಗೆಳೆಯ. ಈ ಪ್ರಶ್ನೆ ಅವನೊಬ್ಬನದ್ದಲ್ಲ. ಅದಕ್ಕೇ ಉತ್ತರ ಇಲ್ಲೇ ಕೊಡ್ತೀನಿ.

2/6
ಮೊದಲು ಅವರು ಯಾರು ಅಂತ ತಿಳ್ಕೊಳ್ಳೋಣ.
ತಮಿಳುನಾಡಿನ ತಿರುಚಿ ಕಡೆಯವರು, 1937ರಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ. 1975ರಿಂದ 1986ರವರೆಗೆ ನಮ್ಮ ಬೆಂಗಳೂರಲ್ಲೇ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬದುಕಿದ್ರು. ಭೂಮಿ ಕಳ್ಕೊಂಡವರ ಪರ ಬರೆದ್ರು. ನಕ್ಸಲರು ಅಂತ ಹಿಡಿದು ವಿಚಾರಣೆ ಮುಗಿಯದೆ ಜೈಲಲ್ಲಿ ಕೊಳೀತಿದ್ದ ಯುವಕರಿಗಾಗಿ ಹೈಕೋರ್ಟಿಗೆ ಹೋದ್ರು.
2018ರಲ್ಲೇ ಪೊಲೀಸರು ಅವರ ಕೋಣೆ ಶೋಧಿಸಿದ್ರು. ಅಪಾಯ ಬರ್ತಿದೆ ಅಂತ ಗೊತ್ತಿತ್ತು. ಸುಮ್ಮನಾಗಬಹುದಿತ್ತು. ಆಗಲಿಲ್ಲ.

3/6
8 ಅಕ್ಟೋಬರ್ 2020. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಎನ್‌ಐಎ ಅವರನ್ನ ಯುಎಪಿಎ ಅಡಿ ಬಂಧಿಸ್ತು. ಮಾವೋವಾದಿಗಳ ನಂಟಿದೆ ಅನ್ನೋದು ಆರೋಪ. ಅವರು ಅದನ್ನ ಅಲ್ಲಗಳೆದ್ರು.
ಆಗ ವಯಸ್ಸು 83. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯೋಕಾಗ್ತಿರಲಿಲ್ಲ. ನೀರು ಕುಡಿಯೋಕೆ ಸ್ಟ್ರಾ, ಸಿಪ್ಪರ್ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯ್ತು. ಅದಕ್ಕೆ ಉತ್ತರ ಕೊಡೋಕೆ ಎನ್‌ಐಎ ಕೇಳಿದ್ದು 20 ದಿನ.
5 ಜುಲೈ 2021. ಹೈಕೋರ್ಟಲ್ಲಿ ಜಾಮೀನು ವಿಚಾರಣೆ ಇದ್ದ ದಿನವೇ ಮುಂಬೈ ಆಸ್ಪತ್ರೆಯಲ್ಲಿ ತೀರಿಕೊಂಡ್ರು. ಆರೋಪ ಸಾಬೀತಾಗೋದು ಹಾಗಿರಲಿ, ಕೇಸಿನ ವಿಚಾರಣೆಯೇ ಶುರುವಾಗಿರಲಿಲ್ಲ. ವಿಚಾರಣಾಧೀನ ಕೈದಿಗಳಿಗಾಗಿ ದುಡಿದವರು ವಿಚಾರಣಾಧೀನ ಕೈದಿಯಾಗೇ ಹೋದ್ರು.

4/6
ಈಗ ಆ ಪ್ರಶ್ನೆಗೆ ಬರ್ತೀನಿ.
ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಧನ್ಯರು ಅಂತ ಕರೆದವರಲ್ಲಿ ನೀತಿಗಾಗಿ ಹಿಂಸೆ ಪಟ್ಟವರೂ ಇದ್ದಾರೆ. ತಾನೇ ತಪ್ಪು ಮಾಡಿ ಒದೆ ತಿಂದವರಿಗೆ ಆ ಮಾತಲ್ಲ. ಪೋಸ್ಟಿಗೆ ಲೈಕ್ ಬರಲಿಲ್ಲ ಅಂತ ನೊಂದುಕೊಂಡವರಿಗಂತೂ ಅಲ್ಲವೇ ಅಲ್ಲ.
ಮತ್ತೆ ಯೇಸುವನ್ನ ಕೊಂದಿದ್ದು ಹೇಗೆ? ರೋಮ್ ಸಾಮ್ರಾಜ್ಯದ ಅಧಿಕಾರಿ ಕೊಟ್ಟ ತೀರ್ಪಿನಿಂದ. ಶಿಲುಬೆ ಸರ್ಕಾರ ಕೊಡ್ತಿದ್ದ ಶಿಕ್ಷೆ ಕಣ್ರೋ. ಅದನ್ನ ಚಿನ್ನದಲ್ಲಿ ಮಾಡಿಸಿ ಕುತ್ತಿಗೆಗೆ ಹಾಕ್ಕೊಂಡು "ನಮಗೆ ರಾಜಕೀಯ ಬೇಡ" ಅಂದ್ರೆ ಏನರ್ಥ?

5/6
ಇನ್ನೊಂದು ಮಾತಿದೆ: "ಕಷ್ಟ ದೇವರ ಚಿತ್ತ, ಸಹಿಸ್ಕೋ." ಗಂಡನ ಹತ್ರ ಏಟು ತಿನ್ನೋ ಅಕ್ಕನಿಗೂ, ಕೂಲಿ ಸಿಗದ ಅಣ್ಣನಿಗೂ ಇದೇ ಉಪದೇಶ. ನಾನಿದನ್ನ ಒಪ್ಪಲ್ಲ. ಇನ್ನೊಬ್ಬರ ಪರ ನಿಂತು ಬರೋ ನೋವು ಬೇರೆ, ಇನ್ನೊಬ್ಬರ ತಲೆ ಮೇಲೆ ಹೊರಿಸೋ ನೋವು ಬೇರೆ. ಮೊದಲನೇದು ಶಿಲುಬೆ. ಎರಡನೇದು ಅನ್ಯಾಯ. ಫಾದರ್ ಸ್ಟ್ಯಾನ್ ಆದಿವಾಸಿಗಳಿಗೆ "ಸಹಿಸ್ಕೊಳ್ಳಿ" ಅನ್ನಲಿಲ್ಲ. ಜೊತೆಗೆ ನಿಂತ್ರು.

6/6
ಬೇರೆಯವರಿಗೆ ಬುದ್ಧಿ ಹೇಳೋದು ಸುಲಭ, ಗೊತ್ತು. ಕಳೆದ ಸೆಮಿಸ್ಟರ್‌ನಲ್ಲಿ ಫೀಸ್ ಬಾಕಿ ಇದೆ ಅಂತ ನಮ್ಮ ಕ್ಲಾಸಿನ ಹುಡುಗೀನ ಇಂಟರ್ನಲ್ಸ್ ದಿನ ಬಾಗಿಲ ಹೊರಗೆ ನಿಲ್ಲಿಸಿದ್ರು. ನಾನು ಮೊದಲ ಬೆಂಚಲ್ಲಿದ್ದೆ. ತಲೆ ಬಗ್ಗಿಸಿ ಬರೀತಾ ಕೂತೆ. ಎದ್ದು ಕೇಳಿದ್ರೆ ನನಗೆ ಜೈಲಾಗ್ತಿರಲಿಲ್ಲ. ಹೆಚ್ಚಂದ್ರೆ ಒಂದು ಬೈಗುಳ. ಅಷ್ಟಕ್ಕೇ ಹೆದರಿದೆ.
ಅವತ್ತು ಸಂಜೆ ಕ್ವಾಯರಲ್ಲಿ ಜೋರಾಗಿ ಹಾಡಿದೆ. ಅವಳಲ್ಲಿ ಕ್ಷಮೆ ಕೇಳಿದ್ದೀನಿ, ಆದ್ರೆ ಆ ಪರೀಕ್ಷೆ ವಾಪಸ್ ಬರಲ್ಲ.
ಮುಂದಿನ ಸಲ ಯಾರನ್ನಾದ್ರೂ ಹೊರಗೆ ನಿಲ್ಲಿಸಿದ್ರೆ ನಾನು ಏಳ್ತೀನಿ. ನೀವು ಯಾವ ಧರ್ಮದವರಾದ್ರೂ ಸರಿ, ಜೊತೆಗೆ ಎದ್ದೇಳ್ತೀರಾ? ಕಾಮೆಂಟಲ್ಲಿ ಬೇಡ. ಕ್ಲಾಸಲ್ಲಿ.

#ಸ್ಟ್ಯಾನ್‌ಸ್ವಾಮಿ #ನೀತಿಗಾಗಿ #ಎದ್ದುನಿಲ್ಲು