ವ್ಯಾನಿನ ಅಡಿಯಲ್ಲಿ ಎರಡು ದಿನ

ನಮ್ಮ ನಾಲ್ಕಾರು ಕುಟುಂಬಗಳು ಕೂಡಿ ಇಟ್ಟುಕೊಂಡಿರುವ ಹಳೆಯ ಮಾರುತಿ ಓಮ್ನಿ ವ್ಯಾನು ತೋಟದ ಲೈನುಗಳಲ್ಲಿರುವ ಎಲ್ಲರಿಗೂ ಗೊತ್ತು. ಬಾಂಬೋಲಿಯ ಆಸ್ಪತ್ರೆಗೆ ಹೋಗುವವರಿಗೂ ಊರಿನ ಮದುವೆಗೆ ಹೊರಟವರಿಗೂ ಅದೇ ಆಧಾರ. ಕಳೆದ ಮೇ ತಿಂಗಳಲ್ಲಿ ಒಂಬತ್ತು ಜನರನ್ನು ಹೇರಿಕೊಂಡು ಮೊಲ್ಲೆಂ ದಾಟಿ ಅನಮೋಡ ಘಾಟಿ ಹತ್ತುವಾಗ ಎಂಜಿನ್ನು ಕೂಗತೊಡಗಿತು, ಗಾಡಿ ಮಾತ್ರ ಏರಲಿಲ್ಲ. ಸುಟ್ಟ ವಾಸನೆ ಬೇರೆ. ಕ್ಲಚ್ ಪ್ಲೇಟು ಸವೆದು ಹೋಗಿತ್ತು.

ಗ್ಯಾರೇಜಿನಲ್ಲಿ ವಿಚಾರಿಸಿದೆವು. ಸಾಮಾನಿನ ಬೆಲೆ ಕೇಳಿ ಸುಮ್ಮನಿದ್ದ ನಾವು ಕೂಲಿಯ ಮಾತು ಬಂದಾಗ ಮುಖ ಸಿಂಡರಿಸಿದೆವು. ದಿನಗೂಲಿ ಹೆಚ್ಚಿಸಿರಿ ಎಂದು ತೋಟದ ಗೇಟಿನಲ್ಲಿ ನಿಂತು ಕೇಳುವ ನಾವೇ ಇನ್ನೊಬ್ಬ ಕೂಲಿಕಾರನೊಡನೆ ಚೌಕಾಸಿಗೆ ಇಳಿದೆವೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕೊನೆಗೆ, ನಾವೇ ಮಾಡೋಣ, ಅದೇನು ಮಹಾ ಕೆಲಸ ಎಂದು ಎದ್ದೆವು. ಗದಗ ಕಡೆಯ ಒಬ್ಬ ಗ್ಯಾರೇಜ್ ಹುಡುಗ ತನ್ನ ರಜೆಯ ದಿನ ಬಂದು ತೋರಿಸಿಕೊಡಲು ಒಪ್ಪಿದ.

ತಿಳಿಯದವರಿಗಾಗಿ ಎರಡು ಮಾತು. ಎಂಜಿನ್ನಿನ ಹಿಂದೆ ತಿರುಗುವ ದಪ್ಪ ಕಬ್ಬಿಣದ ಚಕ್ರಕ್ಕೆ ಫ್ಲೈವೀಲ್ ಎನ್ನುತ್ತಾರೆ. ಪ್ರೆಷರ್ ಪ್ಲೇಟು ತನ್ನ ಸ್ಪ್ರಿಂಗಿನ ಬಲದಿಂದ ಕ್ಲಚ್ ಪ್ಲೇಟನ್ನು ಆ ಚಕ್ರಕ್ಕೆ ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದರೆ ಹಿಡಿತ ಬಿಡುತ್ತದೆ, ಆಗ ಗೇರ್ ಬದಲಿಸಬಹುದು. ಏರಿನಲ್ಲಿ ಬ್ರೇಕ್ ಹಿಡಿಯದೆ ಪೆಡಲನ್ನು ಅರ್ಧ ತುಳಿದೇ ಗಾಡಿ ನಿಲ್ಲಿಸುವ ಅಭ್ಯಾಸವಿದ್ದರೆ ಪ್ಲೇಟು ಉಜ್ಜಿ ಉಜ್ಜಿ ಬೇಗ ಸವೆಯುತ್ತದೆ. ನಮ್ಮ ಚಾಲಕನಿಗೆ ಆ ಅಭ್ಯಾಸವುಂಟು. ಹೆಸರು ಹೇಳುವುದಿಲ್ಲ, ಓದಿದರೆ ಅವನಿಗೇ ಗೊತ್ತಾಗುತ್ತದೆ.

ವ್ಯಾನನ್ನು ಜಾಕಿನಿಂದ ಎತ್ತಿ, ಕೆಳಗೆ ಚಿರೆಕಲ್ಲು ಇಟ್ಟು ನುಗ್ಗಲು ನಾವು ಸಿದ್ಧರಾಗಿದ್ದೆವು. ಹುಡುಗ ಬಿಡಲಿಲ್ಲ. ಚಿರೆಕಲ್ಲು ಭಾರಕ್ಕೆ ಇದ್ದಕ್ಕಿದ್ದಂತೆ ಒಡೆಯುತ್ತದೆ, ಜಾಕು ಜಾರುತ್ತದೆ; ಇವೆರಡನ್ನು ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು. ಅವನು ಗ್ಯಾರೇಜಿನಿಂದ ಕಬ್ಬಿಣದ ಸ್ಟ್ಯಾಂಡುಗಳನ್ನು ಕೇಳಿ ತಂದು ಕೊಟ್ಟ ಮೇಲೆಯೇ ಕೆಲಸ ಆರಂಭವಾಯಿತು. ಮೊದಲು ಬ್ಯಾಟರಿಯ ವಯರು ಬಿಚ್ಚಬೇಕು. ನಂತರ ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು, ಸೆಲ್ಫ್ ಮೋಟಾರು, ಕ್ಲಚ್ ಕೇಬಲ್ಲು, ಕಡೆಗೆ ಗೇರ್‌ಬಾಕ್ಸು. ಗೇರ್ ಎಣ್ಣೆಯನ್ನು ಮುಂಚೆಯೇ ಇಳಿಸಿಕೊಳ್ಳಲು ನಾವು ಮರೆತೆವು. ಶಾಫ್ಟು ಎಳೆದೊಡನೆ ಅಷ್ಟೂ ಎಣ್ಣೆ ನಮ್ಮ ಅಂಗಿಯ ಮೇಲೆ. ಗೇರ್‌ಬಾಕ್ಸನ್ನು ಹಲಗೆಯ ಮೇಲೆ ಇಳಿಸಲು ಮೂವರು ಬೇಕಾದರು. ಸಂಜೆ ಹೊಸ ಪ್ಲೇಟನ್ನು ನಡುವಿಗೆ ಸರಿಯಾಗಿ ಕೂರಿಸಲು ಗುದ್ದಲಿಯ ಕಾವನ್ನೇ ಕೆತ್ತಿ ತೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಎಲ್ಲ ಜೋಡಿಸಿ ನೋಡಿದರೆ ಪೆಡಲ್ ತುಳಿದರೂ ಗೇರ್ ಬೀಳಲೊಲ್ಲದು! ಹುಡುಗ ಚಹಾ ಕುಡಿಯಲು ಹೋಗಿದ್ದಾಗ ನಾವು ಪ್ಲೇಟನ್ನು ತಿರುವುಮುರುವಾಗಿ ಇಟ್ಟಿದ್ದೆವು. ಮರುದಿನ ಪುನಃ ಮೊದಲಿನಿಂದ. ಆ ಎರಡನೆಯ ದಿನ ಬೆನ್ನು ನೆಲಕ್ಕೆ ಹಚ್ಚಿ ಮಲಗಿದಾಗ, ಗ್ಯಾರೇಜಿನವರು ಕೇಳಿದ ಕೂಲಿ ಎಷ್ಟು ಕಡಿಮೆಯೆಂದು ನಮಗೆ ತಿಳಿಯಿತು.

ಆದರೆ ಇದನ್ನೆಲ್ಲ ಬರೆಯಲು ಕಾರಣ ಬೇರೆ. ಹಳೆಯ ಪ್ಲೇಟು ಬಿಚ್ಚಿದಾಗ ಒಳಗೆಲ್ಲ ಕಪ್ಪು ಧೂಳು ತುಂಬಿತ್ತು. ಹುಡುಗ ಬಗ್ಗಿ ಬಾಯಿಂದ ಊದಿದ. ಇದೇನಪ್ಪಾ ಎಂದದ್ದಕ್ಕೆ, "ಗ್ಯಾರೇಜಿನ್ಯಾಗ ಗಾಳಿ ಪೈಪಿಲೆ ಊದತೀವ್ರಿ, ಏನೂ ಆಗೂದಿಲ್ಲ" ಎಂದು ನಕ್ಕ. ನಾವು ತಡೆಯಲಿಲ್ಲ, ನಮಗೂ ಗೊತ್ತಿರಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡೆವು. ಬಿಸಿ ತಡೆಯುವ ಗುಣಕ್ಕಾಗಿ ಕ್ಲಚ್ ಪ್ಲೇಟು, ಬ್ರೇಕ್ ಲೈನರುಗಳಲ್ಲಿ ಬಹುಕಾಲ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಳಸುತ್ತಿದ್ದರು. ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಎದೆಯೊಳಗೆ ಸೇರಿದರೆ ಹೊರಬರುವುದು ಕಷ್ಟ. ಶ್ವಾಸಕೋಶ ಗಟ್ಟಿಯಾಗುವುದು, ಕ್ಯಾನ್ಸರ್ ಆಗುವುದು ಇಪ್ಪತ್ತು, ನಲವತ್ತು ವರ್ಷಗಳ ನಂತರ. ಆಗ ಗ್ಯಾರೇಜೂ ಇರುವುದಿಲ್ಲ, ಮಾಲೀಕನೂ ಇರುವುದಿಲ್ಲ. 60ಕ್ಕಿಂತ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಮ್ಮ ದೇಶ ಇನ್ನೂ ಹೊರಗಿನಿಂದ ತರಿಸುತ್ತಿದೆ. ಈಗಿನ ಒಳ್ಳೆಯ ಪ್ಲೇಟುಗಳ ಪೊಟ್ಟಣದ ಮೇಲೆ ಕಲ್ನಾರು ಇಲ್ಲವೆಂದು ಬರೆದಿರುತ್ತದೆ. ಹೆಸರಿಲ್ಲದ ಅಗ್ಗದ ಪ್ಲೇಟಿನಲ್ಲಿ ಏನಿದೆಯೆಂದು ನೋಡಿ ಹೇಳಲಾಗದು.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಮೊಕದ್ದಮೆಯಲ್ಲಿ, ಆರೋಗ್ಯ ಕೆಲಸಗಾರನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಅವರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದೂ ಹೇಳಿತು. ಇಬ್ಬರೋ ಮೂವರೋ ದುಡಿಯುವ ಮೂಲೆಯ ಗ್ಯಾರೇಜಿನಲ್ಲಿ ದಾಖಲೆ ಬರೆಯುವವರು ಯಾರು? 1948ರ ಕಾರ್ಖಾನೆ ಕಾಯ್ದೆ, ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20 ಆಗಿದೆ. ನಮ್ಮ ಹುಡುಗರು ಮೊದಲೂ ಹೊರಗೆ, ಈಗ ಇನ್ನೂ ಹೊರಗೆ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ. ಮಗ ಗ್ಯಾರೇಜಿಗೆ ಹೋಗುತ್ತಿದ್ದರೆ ಕೇಳಿರಿ, ಧೂಳನ್ನು ಊದುತ್ತಾನೆಯೇ ಎಂದು. ಊದಲೂ ಬಾರದು, ಒಣ ಬ್ರಷ್ಷಿನಿಂದ ಕೊಡವಲೂ ಬಾರದು. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು. ಮುಖಕ್ಕೆ ಕರವಸ್ತ್ರ ಕಟ್ಟಿದರೆ ಸಾಲದು. ಅವನ ಕೆಲಸದ ಅಂಗಿಯನ್ನು ಕೊಡವದೆ ನೆನೆಸಿ, ಮಕ್ಕಳ ಬಟ್ಟೆಯೊಡನೆ ಕೂಡಿಸದೆ ಬೇರೆ ಒಗೆಯಿರಿ. ಗಂಡನ ಅಂಗಿ ಒಗೆದು ಈ ರೋಗ ತಂದುಕೊಂಡ ಹೆಂಗಸರು ಬೇರೆ ದೇಶಗಳಲ್ಲಿ ಎಷ್ಟೋ ಮಂದಿ.

ಹುಡುಗನಿಗೆ ಗ್ಯಾರೇಜಿನವರು ಹೇಳಿದ್ದಷ್ಟೇ ಕೂಲಿಯನ್ನು ಎರಡೂ ದಿನಕ್ಕೆ ಕೊಟ್ಟೆವು. ಒದ್ದೆ ಬಟ್ಟೆಯ ಮಾತು ಹೇಳಿದಾಗ, "ಅಲ್ಲಿ ನಗತಾರ್ರಿ ಸರ" ಎಂದ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಅವನ ಜೊತೆಯ ಹುಡುಗರನ್ನೂ ಕೂಟಕ್ಕೆ ಕರೆದಿದ್ದೇವೆ. ತೋರಿಸಲು ಹಳೆಯ ಪ್ಲೇಟು ಯಾರೂ ತರಬೇಕಾಗಿಲ್ಲ. ನಮ್ಮದನ್ನು ತೋಯಿಸಿ ಚೀಲದಲ್ಲಿ ಕಟ್ಟಿಟ್ಟಿದ್ದೇವೆ.